ಕೆನ್ಯಾದ ಸಾಲ, ಬ್ರೆಡ್ಡಿನ ತೆರಿಗೆ, 2024ರ ಜೂನ್: ಲೆಕ್ಕ ಬಿಡಿಸಿ ಹೇಳುವವರಿದ್ದೀರಾ?

ತುಂಗಾತೀರ
ಕೆನ್ಯಾ ಎಂದರೆ ನಮ್ಮಲ್ಲಿ ಸಫಾರಿ, ಮ್ಯಾರಥಾನ್, ಹೆಚ್ಚೆಂದರೆ ಮೊಬೈಲಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ. 2024ರ ಜೂನ್ 25ರಂದು ನೈರೋಬಿಯಲ್ಲಿ ಹುಡುಗ ಹುಡುಗಿಯರು ಸಂಸತ್ ಭವನಕ್ಕೇ ನುಗ್ಗಿದರು, ಕಟ್ಟಡದ ಒಂದು ಭಾಗಕ್ಕೆ ಬೆಂಕಿ ಬಿತ್ತು, ಮಾರನೇ ದಿನ ಅಧ್ಯಕ್ಷ ವಿಲಿಯಂ ರೂಟೊ ಹೊಸ ತೆರಿಗೆಗಳ ಹಣಕಾಸು ಮಸೂದೆಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಇಷ್ಟು ಗೊತ್ತು. ಅದರ ಹಿಂದಿನ ಲೆಕ್ಕ ಬೇಕಿತ್ತು. ಇದು ಚೀನಾ ಸಾಲದ ಕಥೆಯೇ? ಬ್ರೆಡ್ಡಿಗೆ ತೆರಿಗೆ ಹಾಕುವ ಮಟ್ಟಕ್ಕೆ ಯಾಕೆ ಇಳಿದರು? ಮಸೂದೆ ಬಿದ್ದ ಮೇಲೆ ಆ ದುಡ್ಡನ್ನು ಎಲ್ಲಿಂದ ಹೊಂದಿಸಿದರು? ಅಂಕಿ ಸಂಖ್ಯೆ ಇಟ್ಟು ಬರೆದರೆ ಉಪಕಾರ. ಆಫ್ರಿಕಾದಲ್ಲಿ ಎಲ್ಲ ಲಂಚ ಎನ್ನುವ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ.

ಲೆಕ್ಕದ ಪಟ್ಟಿ
ಮೊದಲು ಒಂದು ದಿನಾಂಕ ಹಿಡಿದುಕೊಳ್ಳಿ: 2024ರ ಜೂನ್ 24. ಸಂಸತ್ತಿಗೆ ಜನ ನುಗ್ಗಿದ್ದರ ಹಿಂದಿನ ದಿನ. ಕೆನ್ಯಾದ ಮೊದಲ ಯೂರೋಬಾಂಡಿನ (ಹೊರದೇಶದ ಮಾರುಕಟ್ಟೆಯಲ್ಲಿ ಡಾಲರ್‌ನಲ್ಲಿ ಎತ್ತಿದ ಸಾಲಪತ್ರ) ಗಡುವು ಮುಗಿದದ್ದು ಅವತ್ತೇ. ದಿನ ಹೊಂದಿದ್ದು ಕಾಕತಾಳೀಯ. ಆದರೆ ಅದಕ್ಕೂ ಹಿಂದಿನ ಎರಡು ವರ್ಷ ಖಜಾನೆಯವರ ನಿದ್ದೆ ಕೆಡಿಸಿದ್ದು ಆ ಗಡುವೇ.

2014ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟ ಅವರ ಸರ್ಕಾರ ಹೊರದೇಶದ ಹೂಡಿಕೆದಾರರಿಂದ 200 ಕೋಟಿ ಡಾಲರ್ ಎತ್ತಿತು. 50 ಕೋಟಿ 5 ವರ್ಷಕ್ಕೆ, ಶೇ 5.875 ಬಡ್ಡಿ, 150 ಕೋಟಿ 10 ವರ್ಷಕ್ಕೆ, ಶೇ 6.875. ಅದೇ ಡಿಸೆಂಬರ್‌ನಲ್ಲಿ ಇನ್ನೂ 75 ಕೋಟಿ ಸೇರಿಸಿದರು, ಅದರಲ್ಲಿ 50 ಕೋಟಿ 10 ವರ್ಷದ ಬಾಂಡಿಗೆ. ಹೀಗೆ 10 ವರ್ಷದ ಬಾಂಡೊಂದೇ 200 ಕೋಟಿ ಡಾಲರ್ ಆಯಿತು. ಇದು ಇಎಂಐ ಅಲ್ಲ. ಆರು ತಿಂಗಳಿಗೊಮ್ಮೆ ಬಡ್ಡಿ ಮಾತ್ರ ಕಟ್ಟುತ್ತಾ ಹೋಗುವುದು, ಅಸಲು ಪೂರ್ತಿ ಕೊನೆಯ ದಿನ ಒಂದೇ ಏಟಿಗೆ. ಅಂಥ ಬಾಂಡಿಗೆ ವರ್ಷ ವರ್ಷ ಸ್ವಲ್ಪ ತೆಗೆದಿಡಬೇಕು. ಅದು ಆಗಲಿಲ್ಲ. ಬದಲಿಗೆ 2018ರಲ್ಲಿ 200 ಕೋಟಿ, 2019ರಲ್ಲಿ 210 ಕೋಟಿ, 2021ರಲ್ಲಿ 100 ಕೋಟಿ ಡಾಲರ್‌ನ ಹೊಸ ಬಾಂಡುಗಳು ಬಂದವು.

ಈಗ ವಿನಿಮಯ ದರ ನೋಡಿ. ಸಾಲ ಎತ್ತಿದಾಗ ಡಾಲರ್‌ಗೆ ಸುಮಾರು 87 ಶಿಲಿಂಗ್. 2024ರ ಜನವರಿಯಲ್ಲಿ 160 ದಾಟಿತ್ತು. ಅದೇ 200 ಕೋಟಿ ಡಾಲರ್ ಮೊದಲು 17,400 ಕೋಟಿ ಶಿಲಿಂಗ್, ಆ ಜನವರಿಯಲ್ಲಿ 32,000 ಕೋಟಿ. ಒಂದು ಡಾಲರ್ ಕೂಡ ಹೆಚ್ಚು ಖರ್ಚು ಮಾಡದೆ 14,600 ಕೋಟಿ ಶಿಲಿಂಗ್ ಹೊರೆ ಏರಿತು.

2022ರ ನಂತರ ಅಮೆರಿಕದ ಬಡ್ಡಿ ದರ ಏರಿ, ಕೆನ್ಯಾದಂಥ ದೇಶಗಳಿಗೆ ಆ ಮಾರುಕಟ್ಟೆಯ ಬಾಗಿಲೇ ಮುಚ್ಚಿತ್ತು. 2024ರ ಫೆಬ್ರವರಿಯಲ್ಲಿ ಕೊಂಚ ತೆರೆದ ಕೂಡಲೇ 150 ಕೋಟಿ ಡಾಲರ್‌ನ ಹೊಸ ಬಾಂಡ್ ಬಿಟ್ಟು ಹಳೆಯದರಲ್ಲಿ ಸುಮಾರು 144 ಕೋಟಿಯನ್ನು ಗಡುವಿಗೆ ಮೊದಲೇ ವಾಪಸ್ ಕೊಂಡರು. ಕೂಪನ್, ಅಂದರೆ ಬಾಂಡಿನ ಮೇಲೆ ಬರೆದ ಬಡ್ಡಿ, ಶೇ 9.75, ಹೂಡಿಕೆದಾರನ ಕೈಗೆ ಬೀಳುವ ಲೆಕ್ಕದಲ್ಲಿ ಶೇ 10.375. ಅಂದರೆ ಶೇ 6.875ರ ಸಾಲವನ್ನು ಶೇ 10ಕ್ಕೂ ಮೇಲಿನ ಸಾಲದಿಂದ ತೀರಿಸಿದ್ದು. ದುಬಾರಿ ನಿಜ. ಆದರೆ ಕೆನ್ಯಾ ಸಾಲ ಕಟ್ಟುತ್ತದೆ ಎಂದು ಗೊತ್ತಾಗುತ್ತಲೇ ಶಿಲಿಂಗ್ ಕೆಲವೇ ವಾರಗಳಲ್ಲಿ 130ರ ಆಸುಪಾಸಿಗೆ ಬಂತು, ಆಮೇಲೆ ಅಲ್ಲೇ ನಿಂತಿತು. ಈ ಬಾರಿ ಒಂದು ಬುದ್ಧಿವಂತಿಕೆ ಮಾಡಿದ್ದಾರೆ: ಅಸಲನ್ನು 2029, 2030, 2031 ಎಂದು ಮೂರು ಕಂತಾಗಿ ಒಡೆದಿದ್ದಾರೆ.

ಹುಬ್ಬಳ್ಳಿ ಮಂದಿ
ಎಲ್ಲಾ ಖರೆ ರೀ, ಆದ್ರ ಮೊಂಬಾಸಾ ರೈಲಿಗೆ ರೊಕ್ಕ ಕೊಟ್ಟಾಂವ ಚೀನಾದಾಂವನ ಅಲ್ಲೇನು? ಬಂದರನ್ನ ಅಡಾ ಇಟ್ಟಾರ ಅಂತ ಸುದ್ದಿ ಇತ್ತಲ್ಲ. ಅದನ್ನ ಬಿಟ್ಟು ಬರೀ ಬಾಂಡ್ ಬಾಂಡ್ ಅಂದ್ರ ಹೆಂಗ?

ಹಳಿ ತಪ್ಪದವ
ರೈಲಿನ ಭಾಗ ನಾನು ಬರೆಯುತ್ತೇನೆ ಸರ್.

ಮೊಂಬಾಸಾ-ನೈರೋಬಿ ಸ್ಟ್ಯಾಂಡರ್ಡ್ ಗೇಜ್ ಮಾರ್ಗ ಸುಮಾರು 470 ಕಿಲೋಮೀಟರ್. ವೆಚ್ಚ 32,700 ಕೋಟಿ ಶಿಲಿಂಗ್. ಶೇ 90ರಷ್ಟು, ಅಂದರೆ ಸುಮಾರು 320 ಕೋಟಿ ಡಾಲರ್, ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕಿನ ಸಾಲ. ಅದರಲ್ಲಿ ಸರಿಸುಮಾರು ಅರ್ಧ ಶೇ 2ರ ರಿಯಾಯಿತಿ ಸಾಲ. ಇನ್ನರ್ಧ ವಾಣಿಜ್ಯ ಸಾಲ, ಲೈಬೋರ್ (ಡಾಲರ್ ಸಾಲಕ್ಕೆ ಆಗ ಆಧಾರವಾಗಿದ್ದ ಏರಿಳಿಯುವ ದರ) ಮೇಲೆ ಶೇ 3.6. ತೊಂದರೆ ಕೊಟ್ಟಿದ್ದು ಈ ಎರಡನೇ ಅರ್ಧ, ಏಕೆಂದರೆ ಅಮೆರಿಕದ ದರ ಏರಿದಂತೆ ಇದರ ಬಡ್ಡಿಯೂ ಏರುತ್ತದೆ. ಕಟ್ಟಿದ್ದು ಚೈನಾ ರೋಡ್ ಅಂಡ್ ಬ್ರಿಡ್ಜ್ ಕಾರ್ಪೊರೇಷನ್, ಬಹಿರಂಗ ಟೆಂಡರ್ ಇಲ್ಲದೆ. 2017ರ ಮೇ 31ಕ್ಕೆ ಉದ್ಘಾಟನೆ, ಆಗಸ್ಟ್‌ನಲ್ಲಿ ಚುನಾವಣೆ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಗುತ್ತಿಗೆಯಲ್ಲಿ ಖರೀದಿ ಕಾನೂನು ಮುರಿಯಲಾಗಿದೆ ಎಂದಿತು. ಅಷ್ಟರಲ್ಲಿ ರೈಲು ಓಡಿ ಮೂರು ವರ್ಷ.

ಪ್ರಯಾಣಿಕರ ರೈಲು ಚೆನ್ನಾಗಿಯೇ ಓಡುತ್ತದೆ, ರಜೆ ದಿನಗಳಲ್ಲಿ ಟಿಕೆಟ್ ಸಿಗುವುದು ಕಷ್ಟ. ಆದರೆ ಸಾಲ ತೀರಬೇಕಾದದ್ದು ಸರಕಿನಿಂದ. ಕಂಟೇನರ್ ಮೊಂಬಾಸಾದಲ್ಲಿ ಹಡಗಿನಿಂದ ಇಳಿದು ರೈಲೇರಿ ನೈರೋಬಿಯ ಎಂಬಾಕಾಸಿ ಒಣಬಂದರಿಗೆ (ಕಂಟೇನರ್ ಇಳಿಸುವ ಒಳನಾಡಿನ ತಾಣ) ಬರುತ್ತದೆ. ಅಲ್ಲಿಂದ ಗೋದಾಮಿಗೆ ಮತ್ತೆ ಲಾರಿ ಬೇಕು. ಖಾಲಿ ಕಂಟೇನರನ್ನು ಗಡುವಿನೊಳಗೆ ಮೊಂಬಾಸಾಕ್ಕೆ ಮುಟ್ಟಿಸದಿದ್ದರೆ ಹಡಗು ಕಂಪನಿಯ ದಂಡ. ರೈಲು ಬಾಡಿಗೆ, ಇಳಿಸುವ ಕೂಲಿ, ಕೊನೆಯ ಲಾರಿ, ದಂಡ, ಇಷ್ಟೂ ಕೂಡಿಸಿದರೆ ಮೊಂಬಾಸಾದಿಂದ ನೇರ ಲಾರಿಯೇ ಎಷ್ಟೋ ಸಲ ಅಗ್ಗ. ಹಾಗಾಗಿ ಸರ್ಕಾರ ಆಮದು ಸರಕನ್ನು ಬಲವಂತವಾಗಿ ರೈಲಿಗೆ ಹತ್ತಿಸಿತು. ಮೊಂಬಾಸಾದ ಲಾರಿ ಮಾಲೀಕರು, ಕ್ಲಿಯರಿಂಗ್ ಏಜೆಂಟರು ಬೀದಿಗೆ ಬಂದರು. ಬಂದರಿನ ಕ್ಲಿಯರಿಂಗ್ ಕೆಲಸ ಮೊಂಬಾಸಾಕ್ಕೇ ವಾಪಸ್ ಎಂಬುದು 2022ರಲ್ಲಿ ರೂಟೊ ಹೊರಡಿಸಿದ ಮೊದಲ ಆದೇಶಗಳಲ್ಲೊಂದು.

ಇನ್ನೊಂದು ದೋಷ ಭೂಪಟದಲ್ಲೇ ಇದೆ. ಯೋಜನೆಯ ಲಾಭ ನಿಂತಿದ್ದು ಉಗಾಂಡ, ರುವಾಂಡ, ಪೂರ್ವ ಕಾಂಗೋ ಕಡೆಯ ಸರಕಿನ ಮೇಲೆ. ಹಳಿ ಉಗಾಂಡ ಗಡಿಯ ಮಲಾಬಾವರೆಗೆ ಹೋಗಬೇಕಿತ್ತು. 2019ರಲ್ಲಿ ಇನ್ನೊಂದು 150 ಕೋಟಿ ಡಾಲರ್ ಸುರಿದು, ನೈರೋಬಿ ದಾಟಿ ಸ್ವಲ್ಪ ದೂರದ ನೈವಾಷಾ ಹತ್ತಿರ ನಿಂತುಬಿಟ್ಟಿತು. ಮುಂದಿನ ಭಾಗಕ್ಕೆ ಚೀನಾ ದುಡ್ಡು ಕೊಡಲಿಲ್ಲ. ಸಾಲದ ಬಲೆ ಬೀಸಿದವನು ಇನ್ನಷ್ಟು ಸಾಲ ಕೊಡಲು ಒಲ್ಲೆ ಎಂದ, ಇದನ್ನು ಬಲೆ ಎನ್ನುವವರು ಗಮನಿಸಲಿ.

ಅಡವಿನ ವಿಚಾರ: ಬಂದರನ್ನೇ ಬರೆದುಕೊಟ್ಟ ಅಡಮಾನ ಪತ್ರ ಎಲ್ಲೂ ಹೊರಬಂದಿಲ್ಲ. ಇದ್ದದ್ದು ಬೇರೆ. ರೈಲಿಗೆ ಇಂತಿಷ್ಟು ಸರಕು ಕೊಟ್ಟೇ ಕೊಡುತ್ತೇವೆ, ಕೊಡದಿದ್ದರೆ ವ್ಯತ್ಯಾಸ ತುಂಬುತ್ತೇವೆ ಎಂದು ಬಂದರು ಪ್ರಾಧಿಕಾರ ಸಹಿ ಹಾಕಿತ್ತು. ಸಾಲದ ಕರಾರಿನಲ್ಲಿ ಸಾರ್ವಭೌಮ ರಕ್ಷಣೆ (ಒಂದು ದೇಶದ ಮೇಲೆ ದಾವೆ ಹೂಡಲು ಬಾರದೆಂಬ ರಕ್ಷಣೆ) ಬಿಟ್ಟುಕೊಟ್ಟ ಕಲಮು ಇತ್ತು, ವ್ಯಾಜ್ಯವಾದರೆ ಬೀಜಿಂಗ್‌ನಲ್ಲಿ ಪಂಚಾಯ್ತಿ. ಮಹಾಲೇಖಪಾಲರ ಆಕ್ಷೇಪದಿಂದ ಇದು ಸುದ್ದಿಯಾಯಿತು. 2022ರ ನವೆಂಬರ್‌ನಲ್ಲಿ ಕರಾರಿನ ಒಂದಷ್ಟು ಪ್ರತಿಗಳನ್ನು ಸರ್ಕಾರವೇ ಬಿಡುಗಡೆ ಮಾಡಿತು.

ಲೆಕ್ಕದ ಪಟ್ಟಿ
ಇದಕ್ಕೆ ಒಂದು ಸೇರ್ಪಡೆ. 2013ರ ಮಧ್ಯದಲ್ಲಿ ಕೆನ್ಯಾದ ಸಾರ್ವಜನಿಕ ಸಾಲ 1.9 ಲಕ್ಷ ಕೋಟಿ ಶಿಲಿಂಗ್. 2022ರಲ್ಲಿ ಉಹುರು ಇಳಿಯುವಾಗ 8.6 ಲಕ್ಷ ಕೋಟಿ. 2024ರ ಜೂನ್‌ಗೆ 10.6 ಲಕ್ಷ ಕೋಟಿ. ಇದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೇಶದೊಳಗಿನ ಸಾಲ: ಅಲ್ಲಿನ ಬ್ಯಾಂಕು, ಪಿಂಚಣಿ ನಿಧಿ, ವಿಮಾ ಕಂಪನಿಗಳಿಂದ ಪಡೆದದ್ದು. ಹೊರಗಿನ ಸಾಲದಲ್ಲೂ ಅತಿ ಹೆಚ್ಚು ಕೊಟ್ಟದ್ದು ವಿಶ್ವ ಬ್ಯಾಂಕು, ಚೀನಾ ಕೊಟ್ಟದ್ದರ ಸುಮಾರು ಎರಡರಷ್ಟು. ವಿಶ್ವ ಬ್ಯಾಂಕಿನದು ಕಡಿಮೆ ಬಡ್ಡಿ, ದೀರ್ಘಾವಧಿ, ಆದ್ದರಿಂದ ಕುತ್ತಿಗೆ ಹಿಡಿಯುವುದಿಲ್ಲ. ಕುತ್ತಿಗೆ ಹಿಡಿದದ್ದು ಮೂರು: ಯೂರೋಬಾಂಡಿನ ಅಸಲು, ಚೀನಾದ ವಾಣಿಜ್ಯ ಭಾಗ, ದೇಶದೊಳಗಿನ ಸಾಲದ ಬಡ್ಡಿ.

ಮೂರನೆಯದನ್ನು ಯಾರೂ ಮಾತಾಡುವುದಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. 2024ರ ಫೆಬ್ರವರಿಯ ಮೂಲಸೌಕರ್ಯ ಬಾಂಡ್ ತೆಗೆದುಕೊಳ್ಳಿ. ಎಂಟೂವರೆ ವರ್ಷದ ಅವಧಿ. ಸರ್ಕಾರ ಕೇಳಿದ್ದು 7,000 ಕೋಟಿ ಶಿಲಿಂಗ್, ಬಂದ ಅರ್ಜಿ 28,870 ಕೋಟಿ, ತೆಗೆದುಕೊಂಡದ್ದು ಸುಮಾರು 24,100 ಕೋಟಿ. ಬಡ್ಡಿ ಶೇ 18.46, ಅದಕ್ಕೆ ತೆರಿಗೆಯೂ ಇಲ್ಲ! ಸರ್ಕಾರವೇ ತೆರಿಗೆಯಿಲ್ಲದ ಹದಿನೆಂಟೂವರೆ ಕೊಡುವಾಗ ಯಾವ ಬ್ಯಾಂಕು ಸಣ್ಣ ಅಂಗಡಿಯವನಿಗೆ ಸಾಲ ಕೊಡುತ್ತದೆ? ಕೇಂದ್ರ ಬ್ಯಾಂಕಿನ ದರವೇ ಆಗ ಶೇ 13. ವ್ಯಾಪಾರ ಕುಗ್ಗಿದರೆ ತೆರಿಗೆ ಕುಗ್ಗುತ್ತದೆ, ತೆರಿಗೆ ಕುಗ್ಗಿದರೆ ಇನ್ನಷ್ಟು ಸಾಲ.

ಕಡಲಕರೆ
ಮಾರಾಯ್ರೆ, ಪೆಟ್ರೋಲಿನ ಕಥೆ ಬಿಟ್ಟುಹೋಯಿತು. 2023ರಲ್ಲಿ ಡಾಲರೇ ಸಿಗದೆ ಎಣ್ಣೆ ಕಂಪನಿಗಳು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುತ್ತಿದ್ದವು. ಅದಕ್ಕೆಂದೇ ಸೌದಿ ಅರಾಮ್ಕೊ, ಅಬುಧಾಬಿಯ ಆಡ್ನಾಕ್, ದುಬೈನ ಎನಾಕ್ ಜತೆ ಸರ್ಕಾರ ಒಪ್ಪಂದ ಮಾಡಿಕೊಂಡಿತು: ಎಣ್ಣೆ ಈಗ ಕೊಡಿ, ಡಾಲರ್ 180 ದಿನದ ನಂತರ. ಮೊದಲ ಆರು ತಿಂಗಳು ಉಸಿರಾಡಲು ಆಯಿತು. ಆರು ತಿಂಗಳಾದ ಮೇಲೆ? ಪ್ರತಿ ತಿಂಗಳೂ ಹಳೆಯ ಬಿಲ್ಲು ಬಂದು ನಿಲ್ಲುತ್ತದಲ್ಲ. ಆ ಹೊತ್ತಿಗೆ ಶಿಲಿಂಗ್ ಇನ್ನೂ ಬಿದ್ದಿತ್ತು. ಎಣ್ಣೆ ಬಂದ ದಿನದ ದರಕ್ಕೂ ಡಾಲರ್ ಕೊಟ್ಟ ದಿನದ ದರಕ್ಕೂ ಇರುವ ವ್ಯತ್ಯಾಸ ಪಂಪಿನ ಬೆಲೆಯೊಳಗೇ ಹೋಗಿ ಕೂತಿತು. ಅದೇ ವರ್ಷದ ಹಣಕಾಸು ಕಾಯ್ದೆ ಇಂಧನದ ವ್ಯಾಟ್ ಅನ್ನು ಶೇ 8ರಿಂದ 16ಕ್ಕೆ ಏರಿಸಿತು. ಅಕ್ಟೋಬರ್‌ಗೆ ನೈರೋಬಿಯಲ್ಲಿ ಪೆಟ್ರೋಲ್ ಲೀಟರ್‌ಗೆ 217 ಶಿಲಿಂಗ್. ಅಲ್ಲಿ ಪ್ರತಿ ತಿಂಗಳ 14ಕ್ಕೆ ಇಂಧನ ನಿಯಂತ್ರಣ ಪ್ರಾಧಿಕಾರ ದರ ಪ್ರಕಟಿಸುತ್ತದೆ. ಮಟಾಟು ಎಂಬ ಖಾಸಗಿ ವ್ಯಾನುಗಳ ಟಿಕೆಟ್ಟಿಗೆ ಅದರ ಬಿಸಿ ತಟ್ಟಲು ಹೆಚ್ಚು ದಿನ ಬೇಡ.

ಬಿಲ್ಲು ಬರೆಯುವವ
ಬ್ರೆಡ್ಡಿನ ಪ್ರಶ್ನೆಗೆ ಉತ್ತರ. ಜಿಎಸ್‌ಟಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

ಕೆನ್ಯಾದ ವ್ಯಾಟ್‌ನಲ್ಲಿ ಮೂರು ಖಾನೆ. ಸಾಮಾನ್ಯ ದರ ಶೇ 16. ಶೂನ್ಯ ದರ. ವಿನಾಯಿತಿ. ಕೊನೆಯ ಎರಡೂ ಗ್ರಾಹಕನಿಗೆ ಒಂದೇ ಥರ ಕಾಣುತ್ತವೆ, ಉತ್ಪಾದಕನಿಗೆ ಒಂದೇ ಅಲ್ಲ. ಶೂನ್ಯ ದರವಿದ್ದರೆ ಬೇಕರಿಯವನು ಪ್ಲಾಸ್ಟಿಕ್ ಹೊದಿಕೆಗೆ, ಕರೆಂಟಿಗೆ, ಯಂತ್ರದ ಬಿಡಿಭಾಗಕ್ಕೆ ಕಟ್ಟಿದ ವ್ಯಾಟನ್ನು ಕಂದಾಯ ಪ್ರಾಧಿಕಾರದಿಂದ ವಾಪಸ್ ಕೇಳಬಹುದು. ವಿನಾಯಿತಿ ಎಂದರೆ ಆ ಹಕ್ಕು ಇಲ್ಲ, ಅದು ಬೆಲೆಯಲ್ಲೇ ಅಡಗಿ ಗ್ರಾಹಕನ ತಲೆಗೆ ಬರುತ್ತದೆ. ಹಾಗಾಗಿ ಕೆನ್ಯಾದ ಮಸೂದೆಗಳಲ್ಲಿ ಯಾವುದಾದರೂ ವಸ್ತುವನ್ನು ಶೂನ್ಯದಿಂದ ವಿನಾಯಿತಿಗೆ ಸರಿಸಿದ್ದಾರೆ ಎಂದು ಕಂಡರೆ ಅದು ರಿಯಾಯಿತಿ ಅಲ್ಲ, ಸದ್ದಿಲ್ಲದ ಏರಿಕೆ.

ಬ್ರೆಡ್ ಶೂನ್ಯ ಖಾನೆಯಲ್ಲಿತ್ತು. 2024ರ ಮಸೂದೆ ಅದನ್ನು ನೇರ ಶೇ 16ಕ್ಕೆ ತಂದಿತು. 65 ಶಿಲಿಂಗ್ ಆಸುಪಾಸಿನ 400 ಗ್ರಾಂ ಬ್ರೆಡ್ಡಿನ ಮೇಲೆ ಸುಮಾರು 10 ಶಿಲಿಂಗ್. ಜತೆಗೆ ಅಡುಗೆ ಎಣ್ಣೆಗೆ ಶೇ 25 ಅಬಕಾರಿ ಸುಂಕ, ಮೊಬೈಲ್ ಹಣದ ಶುಲ್ಕದ ಮೇಲಿನ ಸುಂಕ ಶೇ 15ರಿಂದ 20ಕ್ಕೆ, ವಾಹನದ ಮೌಲ್ಯದ ಮೇಲೆ ವರ್ಷಕ್ಕೆ ಶೇ 2.5 (ಕನಿಷ್ಠ 5,000, ಗರಿಷ್ಠ 1 ಲಕ್ಷ ಶಿಲಿಂಗ್), ಸ್ಯಾನಿಟರಿ ಪ್ಯಾಡ್, ಡೈಪರ್‌ಗಳಿಗೂ ತಾಗುವ ಪರಿಸರ ಸುಂಕ. ಒಟ್ಟು ಗುರಿ 34,670 ಕೋಟಿ ಶಿಲಿಂಗ್. ಬೆಳಗಿನ ಚಹಾ ಬ್ರೆಡ್ಡಿನಿಂದ ರಾತ್ರಿ ಊರಿಗೆ ಎಂ-ಪೆಸಾ ಕಳಿಸುವವರೆಗೆ ಒಂದೊಂದನ್ನೂ ಮುಟ್ಟಿದ್ದರು.

ಯಾಕೆ ಇಷ್ಟು ಕೆಳಗಿಳಿದರು ಎಂದರೆ ಹಿಡಿಯಲು ಸಿಗುವವರೇ ಅಷ್ಟು. ಸುಮಾರು 2 ಕೋಟಿ ದುಡಿಯುವ ಜನರಲ್ಲಿ ಸಂಬಳದ ಚೀಟಿ ಇರುವವರು 30 ಲಕ್ಷದ ಆಜುಬಾಜು. ಉಳಿದವರು ಅಲ್ಲಿ ಜುವಾ ಕಾಲಿ ಎನ್ನುವ ಅಸಂಘಟಿತ ವಲಯ. ಅವರ ಆದಾಯ ಸಿಗುವುದಿಲ್ಲ, ಅವರು ಕೊಳ್ಳುವ ಬ್ರೆಡ್ಡು, ಎಣ್ಣೆ, ಪೆಟ್ರೋಲು ಸಿಗುತ್ತದೆ.

ಮಲೆನಾಡು ಮಳೆ
ಪ್ರತಿಭಟನೆ ಶುರುವಾದ ಮೇಲೆ ಬ್ರೆಡ್ಡಿನ ತೆರಿಗೆ ಕೈಬಿಟ್ಟರಲ್ಲ? ಆದರೂ ಯಾಕೆ ನಿಲ್ಲಲಿಲ್ಲ?

ಕಲಮು 115
ದಿನಾಂಕವಾರು ನೋಡಿ.

ಜೂನ್ 18: ಮೊದಲ ದೊಡ್ಡ ಪ್ರತಿಭಟನೆ. ಅದೇ ದಿನ ಸದನ ಸಮಿತಿ ಬ್ರೆಡ್, ಅಡುಗೆ ಎಣ್ಣೆ, ವಾಹನ ತೆರಿಗೆ ಕೈಬಿಟ್ಟಿತು. ಜೂನ್ 20: ಎರಡನೇ ವಾಚನ, 204-115ರಿಂದ ಅಂಗೀಕಾರ. ಜೂನ್ 25: ಮೂರನೇ ವಾಚನ, 195-106. ಮತ ಮುಗಿದ ಸ್ವಲ್ಪ ಹೊತ್ತಿಗೇ ಜನ ಒಳಗೆ. ಪೊಲೀಸರ ಗುಂಡಿಗೆ ಅವತ್ತು ಸಂಸತ್ತಿನ ಬಾಗಿಲಲ್ಲೇ ಹೆಣ ಬಿದ್ದವು. ಆ ಪ್ರತಿಭಟನೆಗಳ ಸಾವುಗಳನ್ನು ಸರ್ಕಾರಿ ಮಾನವ ಹಕ್ಕು ಆಯೋಗವೇ ಕೊನೆಗೆ 60 ಎಂದು ಲೆಕ್ಕ ಕೊಟ್ಟಿತು. ಗುರುತು ಹಚ್ಚದ ವಾಹನಗಳಲ್ಲಿ ಬಂದು ಎತ್ತಿಕೊಂಡು ಹೋದದ್ದು ಬೇರೆ.

ನಿಲ್ಲದಿರಲು ಕಾರಣ ಒಂದೆರಡಲ್ಲ. ತಿದ್ದುಪಡಿ ತೋರಿಸಿ ಸಮಾಧಾನ ಮಾಡುವ ಆಟವನ್ನು ಜನ ಹಿಂದಿನ ವರ್ಷವೇ ನೋಡಿದ್ದರು. 2023ರಲ್ಲಿ ಸಾರ್ವಜನಿಕ ಅಹವಾಲು ಕೇಳಿ, ಕೊನೆಗೆ ಸರ್ಕಾರ ತನಗೆ ಬೇಕಾದದ್ದನ್ನೇ ಪಾಸು ಮಾಡಿಕೊಂಡಿತ್ತು. ಈ ಸಲ ಮಸೂದೆಯ ಕಲಮುಗಳನ್ನು ಯುವಕರು ಟಿಕ್‌ಟಾಕ್‌ನಲ್ಲಿ ಸ್ವಾಹಿಲಿ ಮತ್ತು ಊರಿನ ಭಾಷೆಗಳಲ್ಲಿ ಬಿಡಿಸಿ ಹೇಳಿದರು, ಎಕ್ಸ್ ಸ್ಪೇಸ್ ಎಂಬ ನೇರ ಧ್ವನಿ ಚರ್ಚೆಗಳಲ್ಲಿ ಲಕ್ಷಗಟ್ಟಲೆ ಜನ ಕೇಳಿದರು, ಸಂಸದರ ಫೋನ್ ನಂಬರ್ ಹಂಚಿ ಸಂದೇಶಗಳ ಮಳೆ ಸುರಿಸಿದರು. ಬೈಬಲ್ಲಿನ ತೆರಿಗೆ ವಸೂಲಿಗಾರನ ಹೆಸರಿಟ್ಟು ರೂಟೊಗೆ ಜಕಾಯೊ ಎಂದು ಕರೆಯತೊಡಗಿದರು. ಯಾರ ಪಕ್ಷದ ಬಾವುಟವೂ ಇರಲಿಲ್ಲ. 2007ರ ಚುನಾವಣೆಯ ಬಳಿಕ ಬುಡಕಟ್ಟು ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಸಂವಿಧಾನದ 115ನೇ ವಿಧಿ ಪ್ರಕಾರ ಅಧ್ಯಕ್ಷನಿಗೆ 14 ದಿನ. ಸಹಿ ಹಾಕಬಹುದು, ಇಲ್ಲವೇ ಆಕ್ಷೇಪ ಬರೆದು ವಾಪಸ್ ಕಳಿಸಬಹುದು. ಆಕ್ಷೇಪವನ್ನು ಮೀರಲು ಸದನಕ್ಕೆ ಮೂರನೇ ಎರಡು ಬಹುಮತ ಬೇಕು. ರೂಟೊ ಆಕ್ಷೇಪ ಬರೆದದ್ದು ಎಲ್ಲ ಕಲಮುಗಳ ಮೇಲೂ: ಎಲ್ಲವನ್ನೂ ತೆಗೆಯಿರಿ ಎಂದು. ಹಾಗೆ ಮಸೂದೆ ಸತ್ತಿತು. ಜುಲೈ 11ಕ್ಕೆ ಬಹುತೇಕ ಸಂಪುಟವನ್ನೇ ವಜಾ ಮಾಡಿದರು. ಅಷ್ಟರಲ್ಲಿ ದೇಶಗಳ ಸಾಲ ತೀರಿಸುವ ಶಕ್ತಿ ಅಳೆಯುವ ಮೂಡೀಸ್ ಸಂಸ್ಥೆ ಕೆನ್ಯಾದ ರೇಟಿಂಗ್ ಇಳಿಸಿಯಾಗಿತ್ತು.

ತುಂಗಾತೀರ
ಹಾಗಾದರೆ ನನ್ನ ಮೂರನೇ ಪ್ರಶ್ನೆ ಬಾಕಿ. 34,670 ಕೋಟಿ ಎಲ್ಲಿಂದ ಬಂತು?

ಬಿಲ್ಲು ಬರೆಯುವವ
ಕೆಲವು ಖರ್ಚು ಕತ್ತರಿಸಿದರು, ಕೆಲವು ಸಾಲ ಮಾಡಿದರು, ಕೆಲವನ್ನು ಹಿಂಬಾಗಿಲಿನಿಂದ ತಂದರು. ರಸ್ತೆ ನಿರ್ವಹಣಾ ಸುಂಕ 2024ರ ಜುಲೈನಲ್ಲಿ ಲೀಟರ್‌ಗೆ 18ರಿಂದ 25 ಶಿಲಿಂಗ್ ಆಯಿತು, ಅದಕ್ಕೆ ಮಸೂದೆ ಬೇಕಿಲ್ಲ. ಡಿಸೆಂಬರ್‌ನಲ್ಲಿ ತೆರಿಗೆ ಕಾನೂನು ತಿದ್ದುಪಡಿ ಕಾಯ್ದೆಯ ಮೂಲಕ ಬಿದ್ದುಹೋದ ಮಸೂದೆಯ ಒಂದಷ್ಟು ಕಲಮುಗಳು ಮರಳಿದವು. ಆದರೆ ಸಂಬಳದಾರರಿಗೆ ಚುಚ್ಚಿದ್ದು ತೆರಿಗೆ ಎಂಬ ಹೆಸರಿಲ್ಲದ ಕಡಿತಗಳು. ಒಂದು ಚೀಟಿ ಬಿಡಿಸುತ್ತೇನೆ.

ತಿಂಗಳಿಗೆ 1,00,000 ಶಿಲಿಂಗ್ ಸಂಬಳ. 2022ರಲ್ಲಿ: ಸಾಮಾಜಿಕ ಭದ್ರತಾ ನಿಧಿ 200, ಆರೋಗ್ಯ ವಿಮೆ 1,700, ಆದಾಯ ತೆರಿಗೆ ಸುಮಾರು 22,068. ಕೈಗೆ 76,032.

2025ರ ಫೆಬ್ರವರಿಯ ದರದಲ್ಲಿ: ಭದ್ರತಾ ನಿಧಿ 4,320. ಹೊಸ ಆರೋಗ್ಯ ವಿಮೆ ಶೇ 2.75, ಅಂದರೆ 2,750, ಇದಕ್ಕೆ ಗರಿಷ್ಠ ಮಿತಿ ಇಲ್ಲ. ವಸತಿ ಸುಂಕ ಶೇ 1.5, ಅಂದರೆ 1,500, ಮಾಲೀಕನೂ ಅಷ್ಟೇ ಹಾಕಬೇಕು. ಈ ಮೂರನ್ನೂ ಕಳೆದು ಉಳಿದ 91,430ಕ್ಕೆ ಆದಾಯ ತೆರಿಗೆ: ಮೊದಲ 24,000ಕ್ಕೆ ಶೇ 10, ಮುಂದಿನ 8,333ಕ್ಕೆ ಶೇ 25, ಉಳಿದದ್ದಕ್ಕೆ ಶೇ 30, ಕೊನೆಗೆ 2,400 ರಿಯಾಯಿತಿ. 19,812 ಬರುತ್ತದೆ. ಕೈಗೆ 71,618.

ಆದಾಯ ತೆರಿಗೆ 2,256 ಇಳಿದಿದೆ, ಕೈಗೆ ಬರುವುದು 4,414 ಕಡಿಮೆ. ನಾವು ತೆರಿಗೆ ಏರಿಸಿಲ್ಲ ಎಂದು ಮಂತ್ರಿ ಹೇಳಿದರೆ ಸುಳ್ಳಲ್ಲ!

ಲೆಕ್ಕದ ಪಟ್ಟಿ
ಲೆಕ್ಕ ಸರಿ, ಆದರೆ ಅದರಲ್ಲಿ ಭದ್ರತಾ ನಿಧಿಯ ಏರಿಕೆಯೇ 4,120. ಅದು ನೌಕರನ ಸ್ವಂತ ಪಿಂಚಣಿ ಖಾತೆ, ಮಾಲೀಕನೂ ಅಷ್ಟೇ ಸೇರಿಸುತ್ತಾನೆ. ತಿಂಗಳಿಗೆ 200 ಕಟ್ಟಿ ಮುಪ್ಪಿನಲ್ಲಿ ಪಿಂಚಣಿ ಕೇಳುವುದು ನಗೆಪಾಟಲಾಗಿತ್ತು. ಅದನ್ನೂ ವಸತಿ ಸುಂಕವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ವಸತಿ ಸುಂಕ ಕಟ್ಟಿದವನಿಗೆ ಮನೆ ಸಿಗುವ ಖಾತರಿಯಿಲ್ಲ.

ಬಿಲ್ಲು ಬರೆಯುವವ
ಖಾತೆಯಲ್ಲಿರುವ ದುಡ್ಡಿನಿಂದ ಈ ತಿಂಗಳ ಬಾಡಿಗೆ ಕಟ್ಟಲು ಬರುವುದಿಲ್ಲ ಸರ್. ಬೀದಿಗೆ ಬಂದವರು ನೋಡಿದ್ದು ಕೈಗೆ ಬರುವ ಸಾಲನ್ನು. ವಸತಿ ಸುಂಕದ ಹಣೆಬರಹ ಮಾತ್ರ ನೀವು ಹೇಳಿದ್ದೇ: 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಹೊಡೆದುಹಾಕಿತು, 2024ರ ಮಾರ್ಚ್‌ನಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಮತ್ತೆ ತಂದರು.

ಗ್ರಾಮಸಭೆ
ಖರ್ಚು ಕತ್ತರಿಸಿದರು ಎಂದಿರಲ್ಲ, ಕತ್ತರಿ ಎಲ್ಲಿ ಬಿತ್ತು ನೋಡಿ. 2010ರ ಸಂವಿಧಾನ 47 ಕೌಂಟಿಗಳನ್ನು (ತಮ್ಮದೇ ಸರ್ಕಾರವಿರುವ ಜಿಲ್ಲೆಗಳು) ಮಾಡಿ ಆಸ್ಪತ್ರೆ, ಹಳ್ಳಿ ರಸ್ತೆ, ಕೃಷಿ ಎಲ್ಲ ಅವಕ್ಕೆ ಕೊಟ್ಟಿದೆ. ರಾಷ್ಟ್ರೀಯ ಆದಾಯದ ಕನಿಷ್ಠ ಶೇ 15 ಕೌಂಟಿಗಳಿಗೆ. ಇಲ್ಲೊಂದು ಸಣ್ಣ ಅಕ್ಷರದ ಕಲಮು ಇದೆ: ಶೇ 15 ಲೆಕ್ಕ ಹಾಕುವುದು ಈ ವರ್ಷದ ಆದಾಯದ ಮೇಲಲ್ಲ, ಸಂಸತ್ತು ಒಪ್ಪಿದ ಕೊನೆಯ ಲೆಕ್ಕಪರಿಶೋಧನೆಯ ಆದಾಯದ ಮೇಲೆ. ಅದು ಯಾವಾಗಲೂ ಹಲವು ವರ್ಷ ಹಳೆಯದು, ಆದ್ದರಿಂದ ಕನಿಷ್ಠ ಎಂಬುದು ನಿಜಕ್ಕೂ ಬಹಳ ಕನಿಷ್ಠ. 2024-25ಕ್ಕೆ 40,000 ಕೋಟಿ ಶಿಲಿಂಗ್ ಎಂದು ಕಾಯ್ದೆ ಆಗಿತ್ತು. ಮಸೂದೆ ಬಿದ್ದ ಮೇಲೆ 38,000 ಕೋಟಿಗೆ ಇಳಿಸಲು ಹೊರಟರು, ಕೌಂಟಿಗಳನ್ನು ಪ್ರತಿನಿಧಿಸುವ ಮೇಲ್ಮನೆ ಸೆನೆಟ್ ಪಟ್ಟು ಹಿಡಿಯಿತು, ತಿಂಗಳುಗಟ್ಟಲೆ ಜಗ್ಗಾಟದ ನಂತರ 38,740 ಕೋಟಿ. ಅಲ್ಲಿಯವರೆಗೆ ಕೌಂಟಿಗಳಲ್ಲಿ ಸಂಬಳ ತಡ, ಗುತ್ತಿಗೆದಾರರ ಬಿಲ್ಲು ಬಾಕಿ. ಕೇಂದ್ರದ ಪಾಲು ಎಂಬ ಜಗಳ ನಮಗೇನು ಹೊಸದಲ್ಲ, ಬಿಡಿ.

ಹುಬ್ಬಳ್ಳಿ ಮಂದಿ
ನಮ್ಮ ಮಂದೀನೂ ಇದ್ರಾಗ ಅದಾರಲ್ಲ? ಅದಾನಿ ಏರ್‌ಪೋರ್ಟ್ ಏನಾತು? ಬೆಂಗಳೂರು ಗುಲಾಬಿ ಕಂಪನಿ ಅಂತೂ ಒಂದಿತ್ತು.

ಕಡಲಕರೆ
ಅದಾನಿ: ನೈರೋಬಿಯ ಜೋಮೋ ಕೆನ್ಯಾಟ ವಿಮಾನ ನಿಲ್ದಾಣವನ್ನು 185 ಕೋಟಿ ಡಾಲರ್ ಹೂಡಿ 30 ವರ್ಷ ನಡೆಸುವ ಪ್ರಸ್ತಾವ. ಸರ್ಕಾರದ ಕೈಯಲ್ಲಿ ದುಡ್ಡಿಲ್ಲ, ಸಾಲ ಮಾಡುವ ಹಾಗಿಲ್ಲ, ಆದ್ದರಿಂದ ಖಾಸಗಿಯವರಿಗೆ ಕೊಡೋಣ ಎಂಬ ಲೆಕ್ಕ. 2024ರ ಜುಲೈನಲ್ಲಿ ಕಾಗದಪತ್ರ ಹೊರಬಿತ್ತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಡೆ, 11ರಂದು ವಿಮಾನ ನಿಲ್ದಾಣ ನೌಕರರ ಮುಷ್ಕರ. ವಿದ್ಯುತ್ ಪ್ರಸರಣ ಮಾರ್ಗದ್ದು ಬೇರೆ, 73.6 ಕೋಟಿ ಡಾಲರ್. ಅಮೆರಿಕದಲ್ಲಿ ಅದಾನಿ ಮೇಲೆ ದೋಷಾರೋಪ ಬಂದದ್ದೇ ನವೆಂಬರ್ 21ಕ್ಕೆ ರೂಟೊ ಎರಡನ್ನೂ ರದ್ದು ಮಾಡಿದರು, ಸಂಸತ್ತಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಗುಲಾಬಿಯದು ಕರುತುರಿ. ಬೆಂಗಳೂರಿನ ಕಂಪನಿ 2007ರಲ್ಲಿ ನೈವಾಷಾ ಸರೋವರದ ಪಕ್ಕದ ದೊಡ್ಡ ಗುಲಾಬಿ ತೋಟ ಕೊಂಡಿತು. ದುಬೈನ ತನ್ನದೇ ಬಳಗದ ಕಂಪನಿಗೆ ಕಡಿಮೆ ಬೆಲೆ ಬರೆದು ಹೂ ಮಾರಿ ಲಾಭವನ್ನು ಹೊರಗೆ ಸಾಗಿಸಿತು ಎಂಬುದು ಕೆನ್ಯಾ ಕಂದಾಯ ಪ್ರಾಧಿಕಾರದ ಆರೋಪ. ಕಂಪನಿ ಒಪ್ಪಲಿಲ್ಲ. 2014ರಲ್ಲಿ ಬ್ಯಾಂಕ್ ಸಾಲ ಕಟ್ಟದೆ ತೋಟ ಸಾಲ ವಸೂಲಿಗೆ ನೇಮಿಸಿದ ರಿಸೀವರ್ ಕೈಗೆ ಹೋಯಿತು, ಸಾವಿರಾರು ಕೂಲಿಕಾರರು ಸಂಬಳಕ್ಕೆ ಬಾಯಿಬಿಟ್ಟರು. ಚಹಾ, ಹೂವು, ಪ್ರವಾಸ, ಹೊರದೇಶದಲ್ಲಿರುವವರು ಮನೆಗೆ ಕಳಿಸುವ ಹಣ, ಕೆನ್ಯಾಕ್ಕೆ ಡಾಲರ್ ಬರುವ ದೊಡ್ಡ ಬಾಗಿಲುಗಳು ಇವು. ಹೂವಿನ ಇನ್‌ವಾಯ್ಸಿನಲ್ಲಿ ಬೆಲೆ ಇಳಿಸಿದರೆ ಕಂದಾಯವೂ ಹೋಯಿತು, ಡಾಲರೂ ಹೋಯಿತು.

ಮಲೆನಾಡು ಮಳೆ
ಈಗ ಪರಿಸ್ಥಿತಿ ಹೇಗಿದೆ? ಯುವಕರು ಪಕ್ಷ ಕಟ್ಟಿದರಾ?

ಕಲಮು 115
ಬೀದಿಯ ಸಿಟ್ಟಿನಿಂದ ಲಾಭವಾದದ್ದು ವಿರೋಧ ಪಕ್ಷಕ್ಕೆ. ರೂಟೊ ಹೊಸ ಸಂಪುಟ ಕಟ್ಟುವಾಗ ರೈಲಾ ಒಡಿಂಗಾ ಅವರ ಪಕ್ಷದವರನ್ನೇ ಕರೆತಂದರು. ಖಜಾನೆ ಖಾತೆ ಜಾನ್ ಎಂಬಾಡಿ ಅವರದಾಯಿತು. ಅಕ್ಟೋಬರ್‌ನಲ್ಲಿ ಉಪಾಧ್ಯಕ್ಷ ರಿಗಾಥಿ ಗಚಾಗುವಾ ಅವರನ್ನು ಮಹಾಭಿಯೋಗದಲ್ಲಿ ಇಳಿಸಿ ಕಿಥುರೆ ಕಿಂಡಿಕಿಯನ್ನು ಕೂರಿಸಿದರು. 2025ರ ಅಕ್ಟೋಬರ್ 15ರಂದು ಒಡಿಂಗಾ ತೀರಿಕೊಂಡರು, ಅದೂ ಕೇರಳದ ಕೂತಾಟ್ಟುಕುಳಂನಲ್ಲಿ, ಆಯುರ್ವೇದ ಚಿಕಿತ್ಸೆಗೆ ಬಂದಿದ್ದಾಗ. ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತು ಒಮ್ಮೆಯೂ ಗೆಲ್ಲದ ಮನುಷ್ಯ, ಆದರೆ ಬಹುತೇಕ ಪ್ರತಿ ಸೋಲಿನ ನಂತರವೂ ಅಧಿಕಾರದ ಮೇಜಿನಲ್ಲಿ ಅವರಿಗೊಂದು ಕುರ್ಚಿ ಇರುತ್ತಿತ್ತು. ಆ ಜಾಗ ಈಗ ಖಾಲಿ.

ಮುಂದಿನ ಚುನಾವಣೆ 2027ರ ಆಗಸ್ಟ್ 10. ಐದನೇ ವರ್ಷದ ಆಗಸ್ಟಿನ ಎರಡನೇ ಮಂಗಳವಾರ ಎಂದು ಸಂವಿಧಾನದಲ್ಲೇ ಇದೆ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಮಾತ್ರ ಸಾಲದು, ಕನಿಷ್ಠ 24 ಕೌಂಟಿಗಳಲ್ಲಿ ಶೇ 25 ಬೇಕು. ಎಣಿಕೆ ಮತಗಟ್ಟೆಯಲ್ಲೇ, ಅಲ್ಲಿನ ಫಲಿತಾಂಶ 34ಎ ನಮೂನೆ, ಕ್ಷೇತ್ರದ್ದು 34ಬಿ, ದೇಶದ್ದು 34ಸಿ. 2022ರಲ್ಲಿ 46,229 ಮತಗಟ್ಟೆಗಳ 34ಎ ಚಿತ್ರಗಳನ್ನು ಆಯೋಗ ಜಾಲತಾಣಕ್ಕೆ ಹಾಕಿತು, ಯಾರು ಬೇಕಾದರೂ ಕೂಡಿಸಿ ನೋಡಬಹುದಿತ್ತು. ಹಾಗೆ ಕೂಡಿಸಿದವರಿಗೂ ಸಿಕ್ಕಿದ್ದು ಆಯೋಗದ ಲೆಕ್ಕವೇ: ರೂಟೊ ಶೇ 50.49, ಒಡಿಂಗಾ ಶೇ 48.85. 2017ರಲ್ಲಿ ಸುಪ್ರೀಂ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿದ್ದಕ್ಕೆ ಇಂಥ ನಮೂನೆಗಳು ಸರಿಯಾಗಿ ಬಂದಿಲ್ಲದ್ದೇ ದೊಡ್ಡ ಕಾರಣ. ಯುವಕರು ಪಕ್ಷ ಕಟ್ಟುವುದಕ್ಕಿಂತ ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಮತಗಟ್ಟೆಯಲ್ಲಿ 34ಎ ಫೋಟೊ ತೆಗೆಯಲು ಕೂತರೆ ಹೆಚ್ಚು ಕೆಲಸವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಲೆಕ್ಕದ ಪಟ್ಟಿ
ಸಾಲದ ಕಡೆ: ಐಎಂಎಫ್ ಜತೆಗಿನ 2021ರ ಸಾಲ ಕಾರ್ಯಕ್ರಮ ಕೊನೆಯ ಪರಿಶೀಲನೆ ಮುಗಿಯದೆಯೇ 2025ರ ಮಾರ್ಚ್‌ನಲ್ಲಿ ನಿಂತಿತು. ಅದೇ ಹೊತ್ತಿಗೆ ಶೇ 9.5ಕ್ಕೆ 150 ಕೋಟಿ ಡಾಲರ್ ಎತ್ತಿ, 2027ಕ್ಕೆ ಬರಬೇಕಿದ್ದ 90 ಕೋಟಿಯ ಬಾಂಡಿನಲ್ಲಿ ದೊಡ್ಡ ಪಾಲನ್ನು ಮೊದಲೇ ಕೊಂಡರು. ಚುನಾವಣೆ ವರ್ಷಕ್ಕೆ ದೊಡ್ಡ ಗಡುವು ಬೀಳದಂತೆ ನೋಡಿಕೊಂಡದ್ದು. ಚೀನಾದ ರೈಲು ಸಾಲವನ್ನು ಡಾಲರ್‌ನಿಂದ ಯುವಾನ್‌ಗೆ ಬದಲಿಸಿ ಬಡ್ಡಿ ಇಳಿಸಿಕೊಂಡರು. ಶಿಲಿಂಗ್ 2025ರ ಕೊನೆಗೂ 129ರ ಆಸುಪಾಸಿನಲ್ಲೇ ಇತ್ತು, ಅಷ್ಟು ಅಲುಗಾಡದೆ ಇದ್ದದ್ದೇ ನನಗೆ ಅನುಮಾನ. ದೇಶದೊಳಗಿನ ಸಾಲ ಮಾತ್ರ ವಾರ ವಾರದ ಹರಾಜಿನಲ್ಲಿ ಬೆಳೆಯುತ್ತಲೇ ಇದೆ. 2027ರ ಜೂನ್‌ನ ಹಣಕಾಸು ಮಸೂದೆ ಚುನಾವಣೆಗೆ ಎರಡು ತಿಂಗಳ ಮುಂಚೆ ಬರುತ್ತದೆ, ಅದರಲ್ಲಿ ತೆರಿಗೆ ಏರಿಸುವ ಧೈರ್ಯ ಯಾರಿಗೂ ಇರುವುದಿಲ್ಲ. 2028ರದ್ದನ್ನು ಓದಿ.